ಮನೆಯ ಲೆಕ್ಕ, ಮಗುವಿನ ಲೆಕ್ಕ: 9ನೇ ತರಗತಿಯ ಒಂದು ಸಂಖ್ಯಾಶಾಸ್ತ್ರ ಪಾಠ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ ಹಂಚಿಕೆಯಾದದ್ದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ತರಗತಿ 9, ವಿಷಯ ಗಣಿತ, ಘಟಕ ಸಂಖ್ಯಾಶಾಸ್ತ್ರ. ಹತ್ತನೇ ತರಗತಿಯನ್ನು ಪ್ರಶಿಕ್ಷಣಾರ್ಥಿಗಳ ಕೈಗೆ ಯಾರೂ ಸುಲಭವಾಗಿ ಕೊಡುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಸಂಖ್ಯಾಶಾಸ್ತ್ರವನ್ನು ಮಾತ್ರ "ಇದು ಹಗುರ, ನೀವೇ ಮುಗಿಸಿಬಿಡಿ" ಎಂದು ಸಂತೋಷದಿಂದ ಬಿಟ್ಟುಕೊಡುತ್ತಾರೆ. ನನಗೂ ಅದು ಹಾಗೆಯೇ ಬಂತು.

ಹಗುರವಾದ ಘಟಕವೆಂದು ನಾನೂ ನಂಬಿದ್ದೆ. ದತ್ತಾಂಶ ಸಂಗ್ರಹ, ಗೀಟು ಗುರುತು, ಆವೃತ್ತಿ ಪಟ್ಟಿ, ಶೇಕಡಾವಾರು, ಸ್ತಂಭಾಲೇಖ ಎಲ್ಲವೂ ಆರು ಅವಧಿಗಳಲ್ಲಿ ಮುಗಿಯುವ ಕೆಲಸ. ಪುಸ್ತಕದ ಉದಾಹರಣೆಗಳು ಪರೀಕ್ಷೆಯ ಅಂಕ, ವಿದ್ಯಾರ್ಥಿಗಳ ಎತ್ತರ ಇಂಥವು. ಅವುಗಳ ಬದಲು ಮಕ್ಕಳ ಊರಿಗೆ ಸಂಬಂಧಿಸಿದ ನಿಜವಾದ ದತ್ತಾಂಶ ಬಳಸಬೇಕೆಂಬ ಹುಮ್ಮಸ್ಸು ನನ್ನದು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮೊದಲ ಬಹುಆಯಾಮ ಬಡತನ ವರದಿಯಲ್ಲಿ ಕರ್ನಾಟಕದ ಜಿಲ್ಲೆಗಳ ಪೈಕಿ ಬಡವರ ಪ್ರಮಾಣ ಅತಿ ಹೆಚ್ಚಿದ್ದದ್ದು ಯಾದಗಿರಿಯಲ್ಲಿ. ಹೀಗಾಗಿ ಪಾಠದ ವಿಷಯವನ್ನು "ಕರ್ನಾಟಕದ ಚಿಕ್ಕ ಮಕ್ಕಳಲ್ಲಿ ಬಡತನ ಎಷ್ಟು, ಅದನ್ನು ಹೇಗೆ ಎಣಿಸುತ್ತಾರೆ" ಎಂದು ಇಟ್ಟುಕೊಂಡೆ. ಪಾಠ ಯೋಜನೆಯ ಮೊದಲ ಪುಟದಲ್ಲಿ "ಜೀವನಾನುಭವಕ್ಕೆ ಜೋಡಣೆ" ಎಂದು ಬರೆದು ಅಡಿಗೆರೆಯನ್ನೂ ಎಳೆದೆ.

ಮೊದಲ ಪಾಠ

ತರಗತಿಯಲ್ಲಿ ಅಂದು 38 ಮಕ್ಕಳಿದ್ದರು. ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟೆ. ಮನೆಯಲ್ಲಿ ಎಷ್ಟು ಜನ, ಆರು ವರ್ಷದೊಳಗಿನ ಮಕ್ಕಳು ಎಷ್ಟು, ಅಡುಗೆ ಗ್ಯಾಸ್‌ನಲ್ಲೋ ಕಟ್ಟಿಗೆಯಲ್ಲೋ, ಶೌಚಾಲಯ ಇದೆಯೇ, ನೆಲ ಮಣ್ಣಿನದೋ ಬಂಡೆಯದೋ, ಬ್ಯಾಂಕ್ ಖಾತೆ ಇದೆಯೇ ಎಂಬ ಆರು ಪ್ರಶ್ನೆಗಳಿದ್ದವು. ಮೇಲೆ ಹಾಜರಿ ಸಂಖ್ಯೆ ಬರೆಯಲು ಹೇಳಿದ್ದೆ, ಚೀಟಿ ತಪ್ಪಿಹೋಗಬಾರದೆಂದು.

ಮೊದಲ ಐದು ನಿಮಿಷದಲ್ಲೇ ನನ್ನ ಪ್ರಶ್ನೆಗಳು ಸೋರತೊಡಗಿದವು. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ನಮ್ಮ ಮನಿ ಒಂದೇ ಅದರಿ, ಖರೆ ಒಲಿ ಎರಡು ಅವ. ಕಾಕಾಂದು ಬ್ಯಾರೆ. ಎಷ್ಟು ಮಂದಿ ಅಂತ ಬರೀಬೇಕ್ರಿ?" ಎಂದ. ಇನ್ನೊಬ್ಬಳು, "ಸಿಲಿಂಡರ್ ಅದರಿ, ತುಂಬ್ಸಿಲ್ರಿ" ಎಂದಳು. ಎರಡಕ್ಕೂ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. "ನಿಮಗೆ ತಿಳಿದಂತೆ ಬರೆಯಿರಿ" ಎಂದೆ. ದತ್ತಾಂಶ ಸಂಗ್ರಹಿಸುವವರು ಯಾವತ್ತೂ ಹೇಳಬಾರದ ಮಾತು ಅದು. ಒಲೆಯ ಪ್ರಶ್ನೆಗಂತೂ ಸಮೀಕ್ಷೆಗಳಲ್ಲಿ ಸ್ಪಷ್ಟ ಉತ್ತರವಿದೆ: ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಸೂರು ಒಂದೇ ಆದರೂ ಒಲೆ ಬೇರೆಯಾದರೆ ಲೆಕ್ಕಕ್ಕೆ ಎರಡು ಕುಟುಂಬ. ನಮ್ಮ ಕಡೆ "ಒಲಿ ಬ್ಯಾರೆ ಆಯ್ತು" ಅಂದರೆ ಮನೆ ಒಡೆಯಿತು ಎಂದೇ ಅರ್ಥ. ಹುಡುಗನಿಗೆ ವ್ಯಾಖ್ಯೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಚೀಟಿಗಳನ್ನು ಒಟ್ಟುಮಾಡಿ, ಒಂದೊಂದನ್ನೇ ಓದಿ ಕಪ್ಪುಹಲಗೆಯ ಮೇಲೆ ಗೀಟು ಹಾಕತೊಡಗಿದೆ. ಹಾಜರಿ ಸಂಖ್ಯೆಯನ್ನೂ ಓದಿದೆ. 12ನೇ ಚೀಟಿಯಲ್ಲಿ "ಗ್ಯಾಸ್" ಎಂದಿತ್ತು. ಹಿಂದಿನ ಬೆಂಚಿನಿಂದ, "ಏ, ನಿಮ್ಮನ್ಯಾಗ ಎಲ್ಲದಲೇ ಗ್ಯಾಸ್?" ಎಂಬ ಮಾತು ಬಂತು. ನಗು. ಆ ಹುಡುಗನ ಕಿವಿ ಕೆಂಪಾಯಿತು. ನಾನು ಗದರಿಸಿ ಮುಂದುವರಿದೆ. 27ನೇ ಚೀಟಿ ಖಾಲಿ ಇತ್ತು. ಮೂರನೇ ಸಾಲಿನ ಹುಡುಗಿ ಅದನ್ನು ನಾಲ್ಕು ಮಡಿಕೆ ಮಡಿಸಿ ಕೊಟ್ಟಿದ್ದಳು. "ಯಾಕವ್ವ, ಬರೀಲಿಲ್ಲ?" ಎಂದು ಎಲ್ಲರ ಮುಂದೆಯೇ ಕೇಳಿದೆ. ಅವಳು ಡೆಸ್ಕಿನ ಮೇಲೆ ಕಣ್ಣಿಟ್ಟು ಸುಮ್ಮನೆ ನಿಂತಳು. ನಾನು ಆ ಚೀಟಿಯನ್ನು ಪಕ್ಕಕ್ಕಿಟ್ಟು 37ರಿಂದ ಭಾಗಿಸಿ ಶೇಕಡಾವಾರು ತೆಗೆದೆ.

ಅಂದು ವೀಕ್ಷಣೆಗೆ ನಮ್ಮ ಮಾರ್ಗದರ್ಶಕ ಉಪನ್ಯಾಸಕಿ ಬಂದಿದ್ದರು. ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆ ಬಳಕೆ, ಧ್ವನಿ, ಸಮಯ ಪಾಲನೆಗೆಲ್ಲ ಒಳ್ಳೆಯ ಅಂಕ ಕೊಟ್ಟಿದ್ದರು. ಕೊನೆಯಲ್ಲಿ ಎರಡೇ ಸಾಲು: "ಖಾಲಿ ಚೀಟಿಯೂ ದತ್ತಾಂಶವೇ. ಅದನ್ನು ಎಲ್ಲಿಟ್ಟೆ?"

ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಹತ್ತಿ ಬಿಡಿಸುವ ಕಾಲ, ಅವ್ವನ ಜೊತೆ ಹೊಲಕ್ಕೆ ಹೋಗಿರಬೇಕು ಎಂದು ಗಣಿತ ಶಿಕ್ಷಕರು ಸಹಜವಾಗಿ ಹೇಳಿದರು. ಅದು ನಿಜವೂ ಇರಬಹುದು. ನನಗಂತೂ ಆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಚೀಟಿಗಳ ಕಟ್ಟನ್ನು ಹರಿದು ಒಲೆಗೆ ಹಾಕಿದೆ. ಮುಂದಿನ ಪಾಠಗಳನ್ನು ಹೊಸದಾಗಿ ಬರೆಯಲು ಕೂತೆ. ಈ ಸಲ ಮಕ್ಕಳ ಮನೆಯೊಳಗೆ ಕಾಲಿಡಬಾರದು, ಆದರೆ ವಿಷಯವನ್ನೂ ಬಿಡಬಾರದು ಎಂದು ನಿರ್ಧರಿಸಿದ್ದೆ.

ವರದಿಗಳು ಹೇಳುವುದು

ಹೊಸ ಪಾಠ ಬರೆಯಲು ಕೂತಾಗ ನನಗೇ ಮೊದಲು ಅರ್ಥವಾಗಬೇಕಾದದ್ದು ಬೇಕಾದಷ್ಟಿತ್ತು. ನಮ್ಮಲ್ಲಿ ಬಡತನವನ್ನು ಮಗುವಿನ ಮೇಲೆ ಅಳೆಯುವುದಿಲ್ಲ, ಮನೆಯ ಮೇಲೆ ಅಳೆಯುತ್ತಾರೆ. ಮನೆ ಬಡವಾದರೆ ಒಳಗಿರುವ ಎಲ್ಲರೂ ಬಡವರು, ಅಲ್ಲವಾದರೆ ಯಾರೂ ಅಲ್ಲ.

2013ರಲ್ಲಿ ಯೋಜನಾ ಆಯೋಗ ತೆಂಡುಲ್ಕರ್ ವಿಧಾನದಂತೆ ಪ್ರಕಟಿಸಿದ ಲೆಕ್ಕದಲ್ಲಿ, 2011-12ಕ್ಕೆ ಗ್ರಾಮೀಣ ಕರ್ನಾಟಕದ ಬಡತನ ರೇಖೆ ತಲೆಗೆ ತಿಂಗಳಿಗೆ 902 ರೂಪಾಯಿ, ನಗರಗಳಲ್ಲಿ 1,089 ರೂಪಾಯಿ. ಆ ರೇಖೆಗಿಂತ ಕೆಳಗಿದ್ದವರು ರಾಜ್ಯದಲ್ಲಿ ಶೇ. 20.9. ಮನೆಯ ಒಟ್ಟು ಖರ್ಚನ್ನು ತಲೆಗಳಿಂದ ಭಾಗಿಸುವುದು ಇಲ್ಲಿನ ಕ್ರಮ. ಎಂಟು ತಿಂಗಳ ಕೂಸೂ ಒಂದು ತಲೆ, ಹೊಲದಲ್ಲಿ ದುಡಿಯುವ ಅಪ್ಪನೂ ಒಂದು ತಲೆ. ಮನೆಯೊಳಗೆ ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬುದು ಈ ಭಾಗಾಕಾರಕ್ಕೆ ಕಾಣುವುದಿಲ್ಲ.

ನೀತಿ ಆಯೋಗದ ಬಹುಆಯಾಮ ಸೂಚ್ಯಂಕ ಖರ್ಚನ್ನು ಬಿಟ್ಟು ಕೊರತೆಗಳನ್ನು ಎಣಿಸುತ್ತದೆ. ಇದಕ್ಕೆ ಆಧಾರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2023ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಬಹುಆಯಾಮ ಬಡವರ ಪ್ರಮಾಣ ನಾಲ್ಕನೇ ಸಮೀಕ್ಷೆಯ ಕಾಲಕ್ಕೆ (2015-16) ಶೇ. 12.77 ಇದ್ದದ್ದು ಐದನೆಯ ಸಮೀಕ್ಷೆಯ ಕಾಲಕ್ಕೆ (2019-21) ಶೇ. 7.58ಕ್ಕೆ ಇಳಿದಿದೆ. ದೇಶದ ಅಂಕಿ 24.85ರಿಂದ 14.96ಕ್ಕೆ. ಸಂತೋಷದ ಸುದ್ದಿಯೇ.

ಆದರೆ ಅದೇ ಐದನೆಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4. ಹಿಂದಿನ ಸಮೀಕ್ಷೆಯಲ್ಲಿ 36.2 ಇತ್ತು. ವಯಸ್ಸಿಗೆ ತಕ್ಕ ತೂಕವಿಲ್ಲದವರು 32.9, ಎತ್ತರಕ್ಕೆ ತಕ್ಕ ತೂಕವಿಲ್ಲದವರು 19.5. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ರಕ್ತಹೀನತೆ 60.9ರಿಂದ 65.5ಕ್ಕೆ ಏರಿದೆ. ಯಾದಗಿರಿಯಲ್ಲಿ ಎತ್ತರ ಕುಂಠಿತವಾದ ಮಕ್ಕಳು ಅರ್ಧಕ್ಕಿಂತ ಹೆಚ್ಚು. ಚೆನ್ನಾಗಿ ಉಂಡು ಬೆಳೆದ ಮಕ್ಕಳ ಗುಂಪಿನಲ್ಲೂ ಸಹಜವಾಗಿ ಗಿಡ್ಡಗಿರುವ ಕೆಲವರು ಈ ಅಳತೆಗೆ ಸಿಗುತ್ತಾರೆ. ಆದರೆ ಅಂಥವರು ನೂರಕ್ಕೆ ಎರಡು ಮೂರು ಮಾತ್ರ. 35 ಅಲ್ಲ.

ಒಂದೇ ಸಮೀಕ್ಷೆಯಿಂದ ಬಂದ 7.58 ಮತ್ತು 35.4 ಎಂಬ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಂಡು ಬಹಳ ಹೊತ್ತು ನೋಡಿದೆ. ಬಡ ಮನೆಗಳಲ್ಲಿ ಮಕ್ಕಳು ಹೆಚ್ಚಿರುತ್ತಾರೆ, ಒಪ್ಪೋಣ. ಮಕ್ಕಳಲ್ಲಿ ಬಡವರ ಪ್ರಮಾಣ ಒಟ್ಟು ಜನರಲ್ಲಿರುವುದರ ಎರಡರಷ್ಟು, ಅಂದರೆ ಶೇ. 15 ಎಂದೇ ಹಿಡಿಯೋಣ. ಆ ಮಕ್ಕಳಲ್ಲಿ ಒಬ್ಬರೂ ಬಿಡದೆ ಎಲ್ಲರ ಎತ್ತರವೂ ಕುಂಠಿತವಾಗಿದೆ ಎಂದೂ ಇಟ್ಟುಕೊಳ್ಳೋಣ. ಆಗಲೂ ನೂರು ಮಕ್ಕಳಲ್ಲಿ 20 ಮಂದಿ ಬಡವಲ್ಲದ ಮನೆಯಲ್ಲಿದ್ದುಕೊಂಡೇ ಕುಂಠಿತರಾಗಿದ್ದಾರೆ ಎಂದಾಯಿತು. ಇದಕ್ಕೆ ಕಳೆಯುವ ಲೆಕ್ಕಕ್ಕಿಂತ ಹೆಚ್ಚಿನದೇನೂ ಬೇಡ. ನನ್ನ ಎರಡನೆಯ ಪಾಠ ಇಲ್ಲಿಂದ ಹುಟ್ಟಿತು.

ಹದಿಮೂರು ಮತ್ತು ಹದಿನಾಲ್ಕು

ಸೂಚ್ಯಂಕದಲ್ಲಿ ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಭಾಗಗಳಿಗೆ ಮೂರರಲ್ಲೊಂದರಂತೆ ಸಮ ತೂಕ. ಆರೋಗ್ಯದೊಳಗೆ ಪೋಷಣೆಗೆ ಆರರಲ್ಲೊಂದು, ಮಕ್ಕಳ ಮರಣಕ್ಕೂ ತಾಯಿಯ ಆರೈಕೆಗೂ ಹನ್ನೆರಡರಲ್ಲೊಂದು. ಶಿಕ್ಷಣದೊಳಗೆ ಓದಿದ ವರ್ಷಗಳಿಗೆ ಆರರಲ್ಲೊಂದು, ಶಾಲಾ ಹಾಜರಾತಿಗೆ ಆರರಲ್ಲೊಂದು. ಜೀವನಮಟ್ಟದಲ್ಲಿ ಇಂಧನ, ಶೌಚಾಲಯ, ನೀರು, ವಿದ್ಯುತ್, ಮನೆ, ವಸ್ತುಗಳು, ಬ್ಯಾಂಕ್ ಖಾತೆ ಎಂಬ ಏಳಕ್ಕೆ ಇಪ್ಪತ್ತೊಂದರಲ್ಲೊಂದರಂತೆ. ಕೊರತೆಗಳ ಮೊತ್ತ ಮೂರರಲ್ಲೊಂದು ಅಥವಾ ಅದಕ್ಕಿಂತ ಹೆಚ್ಚಾದರೆ ಆ ಮನೆ ಬಡ ಮನೆ.

ಭಿನ್ನರಾಶಿಗಳ ಈ ಗೊಂದಲವನ್ನು ಬಿಡಿಸಲು ಎಲ್ಲವನ್ನೂ 42ಕ್ಕೆ ತಂದೆ. ಪೋಷಣೆ 7 ಅಂಕ. ಓದಿದ ವರ್ಷ 7, ಹಾಜರಾತಿ 7. ಮಕ್ಕಳ ಮರಣ ಮೂರೂವರೆ, ತಾಯಿಯ ಆರೈಕೆ ಮೂರೂವರೆ. ಜೀವನಮಟ್ಟದ ಏಳರಲ್ಲಿ ಪ್ರತಿಯೊಂದಕ್ಕೂ 2. ಒಟ್ಟು 42. ಗೆರೆ 14. ಲಘುತಮ ಸಾಮಾನ್ಯ ಅಪವರ್ತ್ಯ ಏಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಈವರೆಗೆ ಸಿಕ್ಕಿಲ್ಲ.

ಕಪ್ಪುಹಲಗೆಯ ಮೇಲೆ ಒಂದು ಕಾಲ್ಪನಿಕ ಮನೆ ಬರೆದೆ. ಮನೆಯ ಮೂರು ವರ್ಷದ ಮಗುವಿನ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಅಡುಗೆ ಕಟ್ಟಿಗೆಯಲ್ಲಿ. ಶೌಚಾಲಯ ಇಲ್ಲ. ನೆಲ ಮಣ್ಣಿನದು. ಕರೆಂಟು, ನಲ್ಲಿ ನೀರು, ಬ್ಯಾಂಕ್ ಖಾತೆ, ಮೊಬೈಲು, ಸೈಕಲ್ಲು ಇವೆ. ಅಪ್ಪ ಏಳನೇ ತರಗತಿ ಓದಿದ್ದಾನೆ, ಅಕ್ಕ ಶಾಲೆಗೆ ಹೋಗುತ್ತಾಳೆ. ತಾಯಿಗೆ ಬಸಿರಿನಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಹೆರಿಗೆ ಆಗಿದೆ. ಈ ಮನೆ ಬಡ ಮನೆಯೋ ಅಲ್ಲವೋ?

ಕೈಗಳು ಎದ್ದವು. ಹೆಚ್ಚಿನವರು "ಬಡವ್ರೇ ರಿ" ಎಂದರು. ಲೆಕ್ಕ ಹಾಕಿ ಎಂದೆ. ಪೋಷಣೆಗೆ 7, ಇಂಧನಕ್ಕೆ 2, ಶೌಚಾಲಯಕ್ಕೆ 2, ಮನೆಗೆ 2. ಒಟ್ಟು 13. ಗೆರೆ 14.

ತರಗತಿ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಗಲಾಟೆ. "ಒಂದು ಅಂಕಕ್ಕ ಫೇಲಾದಂಗ ಆಯ್ತಲ್ರಿ" ಎಂದನೊಬ್ಬ. ಪಕ್ಕದವ ತಿದ್ದಿದ: "ಫೇಲಲ್ಲೋ, ಪಾಸ್. ಬಡವ ಅಲ್ಲ ಅಂತ ಪಾಸ್." ಗೆರೆಯನ್ನು 13ಕ್ಕೆ ಇಟ್ಟರೆ ಏನಾಗುತ್ತದೆ ಎಂದು ಒಬ್ಬಳು ಕೇಳಿದಳು. ಬ್ಯಾಂಕ್ ಖಾತೆ ಇಲ್ಲದಿದ್ದರೆ 15 ಆಗಿ ಬಡವರಾಗುತ್ತಿದ್ದರು, ಖಾತೆ ಮಾಡಿಸಿದ ಕೂಡಲೇ ಬಡತನ ಹೋಯಿತಾ ಎಂದು ಇನ್ನೊಬ್ಬ. ಆ ಖಾತೆಯಲ್ಲಿ ದುಡ್ಡು ಇರಬೇಕಾ ಎಂದು ಮತ್ತೊಬ್ಬ. ನನ್ನ ಯೋಜನೆಯಲ್ಲಿ ಈ ಚರ್ಚೆಗೆ ಎಂಟು ನಿಮಿಷ ಇಟ್ಟಿದ್ದೆ, ಇಪ್ಪತ್ತೆರಡು ನಿಮಿಷ ಹಿಡಿಯಿತು. ಸ್ತಂಭಾಲೇಖಕ್ಕೆ ಸಮಯವೇ ಉಳಿಯಲಿಲ್ಲ. ಸಮಯ ಪಾಲನೆಯಲ್ಲಿ ಅಂದು ನನಗೆ ಅಂಕ ಕಡಿಮೆ ಬಿತ್ತು, ಬಿದ್ದರೆ ಬೀಳಲಿ.

ಸೂಚ್ಯಂಕವನ್ನು ಗೇಲಿ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ, ಹಾಗೆಂದು ಮಕ್ಕಳಿಗೂ ಹೇಳಿದೆ. ಎಲ್ಲಾದರೂ ಒಂದು ಕಡೆ ಗೆರೆ ಎಳೆಯಲೇಬೇಕು. ಒಂದೇ ಗೆರೆಯನ್ನು ಎರಡು ಸಮೀಕ್ಷೆಗಳಲ್ಲಿ ಬಳಸಿದ್ದರಿಂದಲೇ 12.77ನ್ನೂ 7.58ನ್ನೂ ಹೋಲಿಸಲು ಸಾಧ್ಯವಾದದ್ದು. ಗೆರೆಯಾಚೆ 13 ಅಂಕದಲ್ಲಿ ನಿಂತ ಮನೆಯ ಮಗು ಮಾತ್ರ "ಬಡವರಲ್ಲದ" ಶೇ. 92ರಲ್ಲಿ ಸೇರಿಹೋಗುತ್ತದೆ. ಅದರ ಎತ್ತರ ನಮಗೆ ತಿಳಿಯುವುದು ಬೇರೆ ಕೋಷ್ಟಕದಲ್ಲಿ.

ಇಪ್ಪತ್ತು ಕಾರ್ಡುಗಳು

ಮೂರನೆಯ ಪಾಠಕ್ಕೆ ಹಳೆಯ ಮದುವೆ ಕಾರ್ಡುಗಳ ಹಿಂಬದಿಯಲ್ಲಿ 20 ಮನೆಗಳನ್ನು ಬರೆದುಕೊಂಡು ಹೋದೆ. ಊರಿಗೆ ಹೆಸರಿಲ್ಲ. ಐದು ಬಡ ಮನೆಗಳು, ಪ್ರತಿ ಮನೆಯಲ್ಲಿ 6 ಜನ, ಅವರಲ್ಲಿ 2 ಚಿಕ್ಕ ಮಕ್ಕಳು. ಉಳಿದ 15 ಮನೆಗಳಲ್ಲಿ ತಲಾ 4 ಜನ. ಅವುಗಳಲ್ಲಿ 10 ಮನೆಗೆ ಒಂದೊಂದು ಚಿಕ್ಕ ಮಗು, ಐದು ಮನೆಯಲ್ಲಿ ಚಿಕ್ಕ ಮಕ್ಕಳೇ ಇಲ್ಲ. ಸಂಖ್ಯೆಗಳು ಬೇಕೆಂದೇ ಹಿಗ್ಗಿಸಿದವು, ಕರ್ನಾಟಕದ ಯಾವ ಊರಿನವೂ ಅಲ್ಲ.

ತರಗತಿಯನ್ನು ಮೂರು ಗುಂಪು ಮಾಡಿ, ಒಂದೇ ಕಾರ್ಡುಗಳನ್ನು ಸರದಿಯಂತೆ ಕೊಟ್ಟೆ. "ಈ ಊರಿನಲ್ಲಿ ಬಡತನ ಶೇಕಡಾ ಎಷ್ಟು?" ಎಂಬ ಒಂದೇ ಪ್ರಶ್ನೆ. ಮೊದಲ ಗುಂಪಿಗೆ ಮನೆಗಳನ್ನು ಎಣಿಸಲು ಹೇಳಿದ್ದೆ, ಎರಡನೆಯದಕ್ಕೆ ಜನರನ್ನು, ಮೂರನೆಯದಕ್ಕೆ ಆರು ವರ್ಷದೊಳಗಿನ ಮಕ್ಕಳನ್ನು. ಒಂದು ಗುಂಪಿಗೆ ಕೊಟ್ಟ ಸೂಚನೆ ಇನ್ನೊಂದಕ್ಕೆ ಗೊತ್ತಿರಲಿಲ್ಲ.

ಮೊದಲ ಗುಂಪಿನ ಉತ್ತರ: 20ರಲ್ಲಿ 5, ಶೇ. 25. ಎರಡನೆಯದು: 90 ಜನರಲ್ಲಿ 30, ಶೇ. 33. ಮೂರನೆಯದು: 20 ಮಕ್ಕಳಲ್ಲಿ 10, ಶೇ. 50. ಮೂರೂ ಗುಂಪುಗಳು ಪರಸ್ಪರ "ತಪ್ಪು" ಎಂದು ಕೂಗಿದವು. ಮತ್ತೊಮ್ಮೆ ಎಣಿಸಿದರೂ ಅಷ್ಟೇ ಬಂತು. ಛೇದದಲ್ಲಿ ಏನಿದೆ ನೋಡಿ ಎಂದು ಹೇಳುವ ಮೊದಲೇ ಮುಂದಿನ ಬೆಂಚಿನ ಹುಡುಗಿ, "ಅವ್ರು ಮನಿ ಎಣಿಸ್ಯಾರ್ರಿ, ನಾವು ಹುಡುಗುರ್ನ ಎಣಿಸೇವಿ" ಎಂದಳು. ಬಡ ಮನೆಯಲ್ಲಿ ಮಕ್ಕಳು ಹೆಚ್ಚಿದ್ದಷ್ಟೂ ಈ ಮೂರು ಸಂಖ್ಯೆಗಳ ನಡುವಿನ ಅಂತರ ಹೆಚ್ಚುತ್ತದೆ. ಎಲ್ಲ ಮನೆಗಳಲ್ಲೂ ಜನ, ಮಕ್ಕಳು ಸಮವಾಗಿದ್ದರೆ ಮೂರೂ ಒಂದೇ ಆಗುತ್ತಿದ್ದವು. ಅದನ್ನು ಮನೆಗೆಲಸಕ್ಕೆ ಕೊಟ್ಟೆ.

ಕಾರ್ಡಿನ ಊರು ಕಾಲ್ಪನಿಕವಾದರೂ ದಿಕ್ಕು ನಿಜದ್ದೇ. 2022ರ ಜಾಗತಿಕ ಬಹುಆಯಾಮ ಬಡತನ ವರದಿಯಲ್ಲಿ ಭಾರತದ ಒಟ್ಟು ಪ್ರಮಾಣ ಶೇ. 16.4. ವಯಸ್ಕರಲ್ಲಿ 13.9, 18 ವರ್ಷದೊಳಗಿನವರಲ್ಲಿ 21.8. ಇದರ ಸೂಚಕಗಳು ನೀತಿ ಆಯೋಗದವುಗಳಿಗಿಂತ ಸ್ವಲ್ಪ ಬೇರೆ. ಆದರೂ ಈ ಅನುಪಾತವನ್ನೇ ಕರ್ನಾಟಕಕ್ಕೆ ಹೊಂದಿಸಿದರೆ 7.58 ಎಂಬುದು ಮಕ್ಕಳಲ್ಲಿ ಸುಮಾರು 10 ಆಗುತ್ತದೆ. ಇದು ಅಂದಾಜಿನ ಮೇಲೊಂದು ಅಂದಾಜು, ತರಗತಿಯ ಅಭ್ಯಾಸಕ್ಕಷ್ಟೇ. 2011ರ ಜನಗಣತಿಯಲ್ಲಿ ಕರ್ನಾಟಕದ 0-6 ವಯಸ್ಸಿನ ಮಕ್ಕಳು 71,61,033. ಅವರಲ್ಲಿ ಶೇ. 1 ಅಂದರೆ 71,610 ಮಕ್ಕಳು. ಎರಡೂವರೆ ಶೇಕಡಾ ಅಂದರೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ದಶಮಾಂಶ ಚಿಹ್ನೆಯ ಆಚೆಈಚೆ ಎಷ್ಟು ಮಕ್ಕಳು ನಿಂತಿರುತ್ತಾರೆ ಎಂಬುದು ಆಗ ಹುಡುಗರಿಗೆ ಹೊಳೆಯಿತು. ಸಹಪ್ರಶಿಕ್ಷಣಾರ್ಥಿಗಳು ಇಲ್ಲೊಂದು ಎಚ್ಚರ ವಹಿಸಬೇಕು. ಜನಗಣತಿಯ "0-6"ರಲ್ಲಿ ಏಳು ವಯಸ್ಸುಗಳಿವೆ, ಆರೋಗ್ಯ ಸಮೀಕ್ಷೆಯ "ಐದು ವರ್ಷದೊಳಗೆ" ಎಂಬುದರಲ್ಲಿ ಐದೇ. ಒಂದರ ಶೇಕಡಾವನ್ನು ಇನ್ನೊಂದರ ಸಂಖ್ಯೆಗೆ ಗುಣಿಸುವಾಗ ಅದನ್ನು ಮಕ್ಕಳಿಗೆ ಹೇಳಿಯೇ ಗುಣಿಸಬೇಕು. ನಾನು ಮೊದಲ ಸಲ ಹೇಳಲಿಲ್ಲ.

ಬೀಗ ಹಾಕಿದ ಮನೆ

ಮೂರನೆಯ ಪಾಠದ ದಿನ 27ನೇ ಹಾಜರಿಯ ಹುಡುಗಿ ತರಗತಿಗೆ ಬಂದಿದ್ದಳು. ಬೆರಳ ತುದಿಗಳಲ್ಲಿ ಹತ್ತಿ ಕಾಯಿ ಗೀರಿದ ಗಾಯಗಳಿದ್ದವು. ನಾನು ಅವಳ ಕಡೆ ನೇರವಾಗಿ ನೋಡಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಅವಳೇ ಒಂದು ಕಾರ್ಡು ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

"ಟೀಚರ್, ಬೀಗ ಹಾಕಿದ ಮನಿ ಯಾವ ಕಡೆ ಇಡ್ಬೇಕ್ರಿ?"

ಅರ್ಥವಾಗದೆ "ಯಾವ ಮನಿ?" ಎಂದೆ.

"ದುಡಿಲಿಕ್ಕ ಹೋದವ್ರದು ರಿ. ಬೆಂಗಳೂರಿಗೆ, ಪುಣೆಕ್ಕ. ಲೆಕ್ಕ ಬರಕೊಳ್ಳೋರು ಬಂದಾಗ ಮನ್ಯಾಗ ಯಾರೂ ಇರಂಗಿಲ್ಲಲ್ರಿ."

ನಮ್ಮ ಭಾಗದಲ್ಲಿ ಗುಳೆ ಹೋಗುವುದು ಹೊಸದಲ್ಲ. ನಾನೂ ಇಲ್ಲಿಯವಳೇ. ಬಸ್ ನಿಲ್ದಾಣದಲ್ಲಿ ಪಾತ್ರೆ, ಚಾಪೆ, ಕೂಸುಗಳ ಜೊತೆ ಕೂತ ಕುಟುಂಬಗಳನ್ನು ಕಂಡೇ ಬೆಳೆದವಳು. ಆದರೆ 20 ಕಾರ್ಡು ಮಾಡುವಾಗ ಒಂದು ಮನೆಗೂ ಬೀಗ ಹಾಕುವುದು ನನಗೆ ಹೊಳೆದಿರಲಿಲ್ಲ.

ಮರುದಿನ ಅವಳ ಪ್ರಶ್ನೆಯನ್ನೇ ಪಾಠ ಮಾಡಿದೆ. ಅವಳ ಒಪ್ಪಿಗೆಯನ್ನು ಮೊದಲೇ ಕೇಳಿದ್ದೆ. "ನನ್ನ ಹೆಸರು ಹೇಳಬ್ಯಾಡ್ರಿ" ಎಂದಿದ್ದಳು, ಹೇಳಲಿಲ್ಲ. ಐದು ಬಡ ಮನೆಗಳಲ್ಲಿ ಒಂದನ್ನು ತೆಗೆದೆವು. ಈಗ 19 ಮನೆಗಳಲ್ಲಿ 4 ಬಡವು, ಶೇ. 21. ಮಕ್ಕಳ ಲೆಕ್ಕದಲ್ಲಿ 18ರಲ್ಲಿ 8, ಶೇ. 44. ಎರಡು ಮನೆಗೆ ಬೀಗ ಬಿದ್ದರೆ ಮನೆಗಳ ಲೆಕ್ಕ ಶೇ. 17ರ ಹತ್ತಿರಕ್ಕೆ, ಮಕ್ಕಳದು 37.5ಕ್ಕೆ ಇಳಿಯಿತು. ಊರಿನಲ್ಲಿ ಯಾರೂ ಸುಧಾರಿಸಲಿಲ್ಲ, ಬಾಗಿಲು ಮುಚ್ಚಿತ್ತು ಅಷ್ಟೇ. ಬೀಗದ ಮನೆ ಬಡವಲ್ಲದವರದಾಗಿದ್ದರೆ ಲೆಕ್ಕ ಮೇಲಕ್ಕೆ ಹೋಗುತ್ತಿತ್ತು ಎಂದು ಒಬ್ಬ ಹುಡುಗ ಹೇಳಿದ, ಅದೂ ಸರಿ. ಯಾರು ಬಿಟ್ಟುಹೋದರು ಎಂಬುದು ಎಷ್ಟು ಮಂದಿ ಬಿಟ್ಟುಹೋದರು ಎಂಬುದಕ್ಕಿಂತ ಹೆಚ್ಚು ಮುಖ್ಯ.

ಸಮೀಕ್ಷೆ ನಡೆಸುವವರು ಇದನ್ನು ಅರಿಯದವರಲ್ಲ. ಆರೋಗ್ಯ ಸಮೀಕ್ಷೆಯಲ್ಲಿ ಆಯ್ದ ಊರಿನ ಎಲ್ಲ ಮನೆಗಳ ಪಟ್ಟಿ ಮಾಡಿ, ಅದರಿಂದ ಸಮಾನ ಅಂತರದಲ್ಲಿ 22 ಮನೆ ಆರಿಸುತ್ತಾರೆ. ಬೀಗ ಇದ್ದರೆ ಪಕ್ಕದ ಮನೆಗೆ ಹೋಗಿ ಬರೆದುಕೊಳ್ಳುವಂತಿಲ್ಲ. ಸಿಗದ ಮನೆಯನ್ನು ಸಿಗದ ಮನೆ ಎಂದೇ ದಾಖಲಿಸುತ್ತಾರೆ, ಲೆಕ್ಕದ ತೂಕದಲ್ಲಿ ಅದಕ್ಕೆ ಹೊಂದಾಣಿಕೆ ಮಾಡುತ್ತಾರೆ. ಆದರೆ ಸಿಗದವರು ಸಿಕ್ಕವರಂತೆಯೇ ಇದ್ದಾರೆ ಎಂಬ ಊಹೆ ಆ ಹೊಂದಾಣಿಕೆಯ ಒಳಗಿರುತ್ತದೆ. ಬೆಂಗಳೂರಿನ ಕಟ್ಟಡದ ಬುಡದ ತಗಡಿನ ಶೆಡ್ಡು ಅಲ್ಲಿನ ಪಟ್ಟಿಯಲ್ಲಿ ಬಂದಿದ್ದರೆ ಆ ಕೂಸು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ, ಬಂದಿರದಿದ್ದರೆ ಎರಡೂ ಕಡೆ ಇಲ್ಲ.

ಮೊದಲ ದಿನ 38ರ ಬದಲು 37ರಿಂದ ಭಾಗಿಸಿದ್ದೆನಲ್ಲ, ಅದರಲ್ಲೂ ಇದೇ ಊಹೆ ಇತ್ತು. ಉಪನ್ಯಾಸಕಿಯವರ ಎರಡು ಸಾಲು ನನಗೆ ಪೂರ್ತಿ ಅರ್ಥವಾದದ್ದು ಅಂದು, ಆ ಹುಡುಗಿಯಿಂದ.

ಹುಣಸೆ ಬೀಜ

ಐದನೆಯ ಅವಧಿಯನ್ನು ಮಾದರಿಗೆ ಮೀಸಲಿಟ್ಟೆ. ಎಲ್ಲರನ್ನೂ ಎಣಿಸದೆ ಕೆಲವರನ್ನು ಎಣಿಸಿ ರಾಜ್ಯದ ಲೆಕ್ಕ ಹೇಗೆ ಹೇಳುತ್ತಾರೆ? ಐದನೆಯ ಆರೋಗ್ಯ ಸಮೀಕ್ಷೆ ದೇಶದ 707 ಜಿಲ್ಲೆಗಳಲ್ಲಿ ಭೇಟಿ ಮಾಡಿದ್ದು 6,36,699 ಮನೆಗಳನ್ನು. ಅಷ್ಟು ಸಾಕೇ?

ಚೀಲದಲ್ಲಿ 65 ಜೋಳದ ಕಾಳು, 35 ತೊಗರಿ ಕಾಳು ಹಾಕಿಕೊಂಡು ಹೋಗಿದ್ದೆ. ತೊಗರಿ ದಪ್ಪ, ಬೆರಳಿಗೆ ಬೇಗ ಸಿಗುತ್ತದೆ. ಹೀಗಾಗಿ ಎಲ್ಲರಿಗೂ ತೊಗರಿ ಹೆಚ್ಚೆಚ್ಚು ಬಂತು. ಮೊದಲು ಪೇಚಾದರೂ ಆಮೇಲೆ ಇದೇ ಒಳ್ಳೆಯ ಉದಾಹರಣೆ ಅನ್ನಿಸಿತು. ಸುಲಭವಾಗಿ ಕೈಗೆ ಸಿಗುವುದನ್ನೇ ಆರಿಸಿದರೆ ಎಷ್ಟು ಸಲ ತೆಗೆದರೂ ತಪ್ಪು ಸರಿಯಾಗುವುದಿಲ್ಲ. ಆಮೇಲೆ ನೂರು ಹುಣಸೆ ಬೀಜ ತರಿಸಿ, 35ಕ್ಕೆ ಸುಣ್ಣದ ಚುಕ್ಕೆ ಇಟ್ಟೆವು. ಜೋಡಿ ಜೋಡಿಯಾಗಿ ಬಂದು ಕಣ್ಣು ಮುಚ್ಚಿ 20 ಬೀಜ ತೆಗೆದು, ಎಣಿಸಿ, ಮತ್ತೆ ಹಾಕಿದರು. ಒಂದು ಜೋಡಿಗೆ 4 ಚುಕ್ಕೆ ಬಂದರೆ ಇನ್ನೊಂದಕ್ಕೆ 10. ಶೇಕಡಾದಲ್ಲಿ 20 ಮತ್ತು 50. ಚೀಲ ಒಂದೇ, ಬೀಜ ಅವೇ. ಹೆಚ್ಚಿನ ಜೋಡಿಗಳು 6, 7, 8ರ ಸುತ್ತ ಬಿದ್ದದ್ದನ್ನು ಹಲಗೆಯ ಮೇಲಿನ ಗೀಟುಗಳೇ ತೋರಿಸಿದವು. ಬಿಟ್ಟುಹೋಗಿದ್ದ ಸ್ತಂಭಾಲೇಖವೂ ಇದರಲ್ಲೇ ಆಯಿತು.

ಓದುತ್ತಿರುವ ಸಹಪಾಠಿಗಳಿಗೆ ಇದರ ಹಿಂದಿನ ಲೆಕ್ಕ: ಪ್ರಮಾಣ ಶೇ. 35ರ ಹತ್ತಿರ ಇದ್ದು, ಬಿಡಿ ಬಿಡಿಯಾಗಿ ಆರಿಸಿದ 100 ಮಕ್ಕಳನ್ನು ಅಳೆದರೆ ಉತ್ತರ ಎರಡೂ ಕಡೆ 9 ಅಂಶಗಳಷ್ಟು ಸರಿಯಬಹುದು. 400 ಮಕ್ಕಳಾದರೆ 5ರ ಒಳಗೆ. ಮಾದರಿ ನಾಲ್ಕು ಪಟ್ಟಾದರೆ ದೋಷ ಅರ್ಧವಾಗುತ್ತದೆಯೇ ಹೊರತು ಕಾಲುಭಾಗ ಆಗುವುದಿಲ್ಲ. ಮಕ್ಕಳನ್ನು ಊರುಗಟ್ಟಲೆ ಒಟ್ಟಿಗೆ ಆರಿಸುವುದರಿಂದ ನಿಜವಾದ ಸಮೀಕ್ಷೆಯಲ್ಲಿ ದೋಷ ಇದಕ್ಕಿಂತ ಸ್ವಲ್ಪ ಹೆಚ್ಚೇ. ಆದ್ದರಿಂದ 36.2 ಇದ್ದದ್ದು 35.4 ಆಯಿತು ಎಂಬುದನ್ನು "ಇಳಿಯಿತು" ಎಂದು ಹೇಳಲು ನಾನು ಹಿಂಜರಿಯುತ್ತೇನೆ. 26.1 ಇದ್ದ ಇನ್ನೊಂದು ಸೂಚಕ 19.5 ಆದದ್ದನ್ನು ಧೈರ್ಯವಾಗಿ ಹೇಳಬಹುದು. ಒಂದು ಜಿಲ್ಲೆಯ ಅಂಕಿಯಲ್ಲಿ ಎರಡು ಮೂರು ಅಂಶಗಳ ಏರಿಳಿತ ಕಂಡರೆ ಹುಣಸೆ ಬೀಜದ ಚೀಲವನ್ನು ನೆನಪಿಸಿಕೊಳ್ಳುವುದು ಕ್ಷೇಮ. ಬೀಗದ ಮನೆಯ ದೋಷ ಮಾತ್ರ ಈ ಜಾತಿಯದಲ್ಲ. ಮಾದರಿ ಎಷ್ಟು ದೊಡ್ಡದಾದರೂ ಅದು ಕರಗುವುದಿಲ್ಲ, ತೊಗರಿ ಕಾಳಿನ ಹಾಗೆ.

ಘಟಕ ಪರೀಕ್ಷೆ

ಕೊನೆಯ ಅವಧಿಯಲ್ಲಿ 15 ಅಂಕಗಳ ಘಟಕ ಪರೀಕ್ಷೆ ಮಾಡಿದೆ. ಒಂದು ಪ್ರಶ್ನೆ ಹೀಗಿತ್ತು: "ಒಂದೇ ಊರಿನ ಬಗ್ಗೆ ಒಬ್ಬರು ಶೇ. 25 ಬಡತನ ಎನ್ನುತ್ತಾರೆ, ಇನ್ನೊಬ್ಬರು ಶೇ. 50 ಎನ್ನುತ್ತಾರೆ. ಇಬ್ಬರೂ ಸರಿಯಾಗಿರಲು ಸಾಧ್ಯವೇ? ವಿವರಿಸಿ." ಬರೆದ 39 ಮಂದಿಯಲ್ಲಿ 24 ಮಂದಿ ಮನೆ ಮತ್ತು ಮಕ್ಕಳ ವ್ಯತ್ಯಾಸವನ್ನು ಹೇಳಿದ್ದರು. ಏಳು ಮಂದಿ "ಒಬ್ಬರು ಸುಳ್ಳು ಹೇಳಿದ್ದಾರೆ" ಎಂದು ಬರೆದಿದ್ದರು. ಉಳಿದವರು ಬಿಟ್ಟಿದ್ದರು. ಆ ಎಂಟು ಖಾಲಿ ಜಾಗಗಳನ್ನು ಈ ಸಲ ಪಕ್ಕಕ್ಕಿಡದೆ ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಿದೆ. ಐವರಿಗೆ ಶೇಕಡಾ ತೆಗೆಯುವುದೇ ಬರುತ್ತಿರಲಿಲ್ಲ. ಅದು ಏಳನೇ ತರಗತಿಯಿಂದ ಉಳಿದುಬಂದ ಬಾಕಿ, ಆರು ಅವಧಿಗಳಲ್ಲಿ ನನ್ನಿಂದ ತೀರಿಸಲಾಗಲಿಲ್ಲ.

ಈ ಘಟಕವನ್ನು ಮುಂದೆ ತೆಗೆದುಕೊಳ್ಳುವವರಿಗೆ ಕಾರ್ಡುಗಳನ್ನು ಕಾಲೇಜಿನ ಗಣಿತ ಪ್ರಯೋಗಾಲಯದ ಎರಡನೇ ಕಪಾಟಿನಲ್ಲಿ, ಹುಣಸೆ ಬೀಜದ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಮಕ್ಕಳ ಸ್ವಂತ ಮನೆಯ ಚೀಟಿ ಮಾಡಿಸಬೇಡಿ, ಮಾಡಿಸಲೇಬೇಕೆಂದರೆ ಹಾಜರಿ ಸಂಖ್ಯೆ ಬರೆಸಬೇಡಿ, ಗಟ್ಟಿಯಾಗಿ ಓದಬೇಡಿ. 17ನೇ ಕಾರ್ಡಿನ ಹಿಂದೆ ನೀಲಿ ಪೆನ್ನಿನಲ್ಲಿ ಬರೆದ ಬೀಗದ ಚಿತ್ರವಿದೆ. ಅದನ್ನು ಬರೆದವಳು ಅವಳೇ. ಕಾರ್ಡು ಹಳತಾದರೆ ಉಳಿದವನ್ನು ಹೊಸದಾಗಿ ಮಾಡಿಕೊಳ್ಳಿ, ಅದೊಂದನ್ನು ಹಾಗೆಯೇ ಇಡಿ.